ಒಂದೇ ಈಡಿನ ಕೋವಿ

1874ರ ಸೆಪ್ಟೆಂಬರ್ 26. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನ ಕ್ರೀಡ್‌ಮೂರ್ ಬಯಲಿನಲ್ಲಿ ಸಾವಿರಾರು ಜನ ಜಮಾಯಿಸಿದ್ದರು. ಒಂದು ಕಡೆ ಐರ್ಲೆಂಡಿನ ಆರು ಮಂದಿ ಗುರಿಕಾರರು, ಇನ್ನೊಂದು ಕಡೆ ಅಮೆರಿಕದ ಆರು ಮಂದಿ. 800, 900 ಮತ್ತು 1000 ಗಜ ದೂರದಲ್ಲಿ ನಿಲ್ಲಿಸಿದ ಕಬ್ಬಿಣದ ಹಲಗೆಗಳಿಗೆ ತಲಾ 15 ಗುಂಡು ಹೊಡೆಯಬೇಕು. ನಡುವಿನ ಮೂರಡಿ ಚೌಕಕ್ಕೆ ಬಿದ್ದರೆ 4 ಅಂಕ. ಐರಿಷರು ಹಿಂದಿನ ವರ್ಷವಷ್ಟೇ ಬ್ರಿಟನ್ನಿನ ಎಲ್ಕೊ ಶೀಲ್ಡ್ ಗೆದ್ದವರು. ಅವರ ಕೈಯಲ್ಲಿದ್ದದ್ದು ಬಾಯಿಯಿಂದ ಮದ್ದು ತುಂಬುವ ರಿಗ್ಬಿ ಕೋವಿಗಳು. ಆ ಕೋವಿಗಳನ್ನು ತಯಾರಿಸಿದ ಜಾನ್ ರಿಗ್ಬಿಯೇ ತಂಡದಲ್ಲಿದ್ದ. ಅಮೆರಿಕನ್ನರ ಕೈಯಲ್ಲಿ ಬುಡದಿಂದ ತೋಟಾ ಹಾಕುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ಕೋವಿಗಳಿದ್ದವು. ಹೀಗೆ ಬುಡದಿಂದ ತುಂಬುವ ಕೋವಿ ದೂರದ ಗುರಿಗೆ ಆಗಿಬರುವುದಿಲ್ಲ ಎಂದು ಅಂದಿನ ಪಂಡಿತರು ತೀರ್ಮಾನಿಸಿಬಿಟ್ಟಿದ್ದರು.

ಕಟ್ಟಕಡೆಯ ಗುಂಡಿನ ಸರದಿ ಬಂದಾಗ ಐರ್ಲೆಂಡ್ ಒಂದು ಅಂಕದಿಂದ ಮುಂದಿತ್ತು. ಉಳಿದಿದ್ದವನು ಕರ್ನಲ್ ಜಾನ್ ಬೋಡೈನ್. ಸ್ವಲ್ಪ ಮುಂಚೆ ಜಿಂಜರ್ ಬಿಯರ್ ಬಾಟಲಿ ಒಡೆದು ಅವನ ಕೈ ಕುಯ್ದಿತ್ತು. ರಕ್ತ ಸೋರುವ ಕೈಗೆ ಕರವಸ್ತ್ರ ಸುತ್ತಿಕೊಂಡೇ ಮಲಗಿ 1000 ಗಜದ ಗುರಿಗೆ ಹೊಡೆದ; ಗುಂಡು ನಟ್ಟನಡುವಿನ ಚೌಕಕ್ಕೇ ಬಿತ್ತು. 934–931. ಮೂರೇ ಅಂಕದ ಗೆಲುವು. ಐರಿಷ್ ತಂಡದ ಮಿಲ್ನರ್ ಎಂಬಾತ ಅದೇ ದಿನ ಪಕ್ಕದ ಹಲಗೆಯ ನಡುವಿಗೆ ಚೊಕ್ಕವಾಗಿ ಹೊಡೆದು ಸೊನ್ನೆ ಪಡೆದಿದ್ದ. ಅದೊಂದು ಗುಂಡು ಸರಿಯಾದ ಹಲಗೆಗೆ ಬಿದ್ದಿದ್ದರೆ ಫಲಿತಾಂಶವೇ ತಿರುವುಮುರುವಾಗುತ್ತಿತ್ತು.

ಆ ಸ್ಪರ್ಧೆಯ ನಂತರ ಅಮೆರಿಕದಲ್ಲಿ ಒಂದೇ ಈಡಿನ ಗುರಿಕೋವಿಗಳ ಹುಚ್ಚು ಹಿಡಿಯಿತು. ರೆಮಿಂಗ್ಟನ್ ರೋಲಿಂಗ್ ಬ್ಲಾಕ್, ಶಾರ್ಪ್ಸ್, ಬ್ಯಾಲರ್ಡ್, ಸ್ಟೀವನ್ಸ್, ಆಮೇಲೆ ಜಾನ್ ಬ್ರೌನಿಂಗ್ ರೂಪಿಸಿ ವಿಂಚೆಸ್ಟರ್ ಕಂಪನಿ 1885ರಲ್ಲಿ ಮಾರುಕಟ್ಟೆಗೆ ತಂದ ಹೈ ವಾಲ್, ಇವೆಲ್ಲ ಆ ಕಾಲದ ಕೂಸುಗಳು. ಒಂದು ಸಲಕ್ಕೆ ಒಂದೇ ತೋಟಾ; ಹೊಡೆದ ಮೇಲೆ ಬುಡ ತೆರೆದು ಖಾಲಿ ಹಿತ್ತಾಳೆ ತೆಗೆದು ಇನ್ನೊಂದನ್ನು ಕೈಯಾರೆ ಕೂರಿಸಬೇಕು. ಹೊಗೆಯಿಲ್ಲದ ಮದ್ದು, ಮ್ಯಾಗಜಿನ್ ಇರುವ ರೈಫಲ್ಲು ಬಂದ ಮೇಲೆ ಇವು ಅಟ್ಟ ಸೇರಿದವು, ಕೊಟ್ಟಿಗೆ ಸೇರಿದವು, ಕೆಲವು ಕುಲುಮೆಗೂ ಹೋದವು. ಈಗ ಅವುಗಳಿಗೆ ಮತ್ತೆ ಕಾಲ ಬಂದಿದೆ. ನ್ಯೂ ಮೆಕ್ಸಿಕೊದ ರಟೋನ್ ಊರಿನ ಬಳಿಯ ವಿಟಿಂಗ್ಟನ್ ಸೆಂಟರ್‌ನಲ್ಲಿ 1980ರ ದಶಕದಿಂದ ಕರಿಮದ್ದಿನ ಒಂಟಿ ಈಡಿನ ಕೋವಿಗಳಿಗೇ ಮೀಸಲಾದ ಚಾಂಪಿಯನ್‌ಶಿಪ್ ನಡೆಯುತ್ತಿದೆ. ಕೋವಿ ಹತ್ತೊಂಬತ್ತನೇ ಶತಮಾನದ ಮಾದರಿಯದ್ದಾಗಿರಬೇಕು, ಕುದುರೆ (ಹ್ಯಾಮರ್) ಹೊರಗೆ ಕಾಣುವಂತಿರಬೇಕು, ತೂಕ 12 ಪೌಂಡ್ 2 ಔನ್ಸ್ ಮೀರಬಾರದು, ಗುಂಡು ಸೀಸದ್ದೇ ಆಗಿರಬೇಕು. ಇಟಲಿಯಲ್ಲೂ ಮೊಂಟಾನಾದಲ್ಲೂ ಇವುಗಳ ಹೊಸ ನಕಲುಗಳು ತಯಾರಾಗುತ್ತವೆ. ಬಹಳಷ್ಟು ಸ್ಪರ್ಧಿಗಳು ಅವನ್ನೇ ಕೊಳ್ಳುತ್ತಾರೆ. ಆದರೂ ಮುತ್ತಜ್ಜನ ಕಾಲದ ಅಸಲಿ ಕೋವಿಯನ್ನು ಎಬ್ಬಿಸಿ ನಿಲ್ಲಿಸಿ, ಅದರಿಂದಲೇ ಗುರಿ ಹೊಡೆಯಬೇಕೆಂಬ ಹಟದವರು ಕೆಲವರಿದ್ದಾರೆ. ಈ ಅಧ್ಯಾಯ ಅವರ ಮೇಜಿನ ಮೇಲೆ ನಡೆಯುವ ವಿಜ್ಞಾನದ ಕುರಿತು.

ಅವರಲ್ಲಿ ಅನುಭವಸ್ಥರು ಮೊದಲು ಮಾಡುವ ಕೆಲಸವೆಂದರೆ ಏನೂ ಮಾಡದಿರುವುದು. ಹರಾಜಿನಲ್ಲಿ ಕೊಂಡು ತಂದ ಕೋವಿಯನ್ನು ಮನೆಗೆ ಬಂದ ದಿನವೇ ಮರಳುಕಾಗದದಲ್ಲಿ ತಿಕ್ಕಿ ಫಳಫಳ ಮಾಡಿದವರು ಅದರ ಬೆಲೆಯನ್ನೂ ಇತಿಹಾಸವನ್ನೂ ಒಟ್ಟಿಗೇ ಒರೆಸಿ ಹಾಕುತ್ತಾರೆ. ನಳಿಗೆಯ ಮೇಲಿನ ಅಕ್ಷರಗಳ ಅಂಚು ಮೊಂಡಾಗುತ್ತದೆ, ಮೂಲೆಗಳು ಸವೆಯುತ್ತವೆ. ಆ ಕಂದು ಬಣ್ಣ ನೂರೈವತ್ತು ವರ್ಷದ ಗಳಿಕೆ. ಮುಖ್ಯ ಪ್ರಶ್ನೆ ಬೇರೆಯೇ ಇದೆ: ಈ ಕೋವಿ ಹಾರಿಸಲು ಯೋಗ್ಯವೇ?

ಎಲ್ಲ ಹಳೆಯ ಕೋವಿಗೂ ‘ಹೌದು’ ಎಂಬ ಉತ್ತರ ಸಿಗುವುದಿಲ್ಲ. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಿಂದ ಸಾವಿರಾರು ಕೋವಿಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದರು. ಹಲವು ದಶಕಗಳ ದೂಳು, ಒಣಗಿ ಗಟ್ಟಿಯಾದ ಗ್ರೀಸು ಮೆತ್ತಿಕೊಂಡಿದ್ದ ಆ ರಾಶಿಯಲ್ಲಿ ಬ್ರಿಟಿಷರ ಮಾರ್ಟಿನಿ-ಹೆನ್ರಿಗಳಿದ್ದವು, ನೇಪಾಳದಲ್ಲೇ ತಯಾರಾದ ಗಹೇಂದ್ರ ಕೋವಿಗಳೂ ಇದ್ದವು. ನೋಡಲು ಎರಡೂ ಅಣ್ಣತಮ್ಮಂದಿರಂತೆ. ಆದರೆ ಗಹೇಂದ್ರ ಕೋವಿಗಳು ಕೈಯಲ್ಲಿ ಅರ ಹಾಕಿ ಮಾಡಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ, ಉಕ್ಕಿನ ಗುಣಮಟ್ಟವೂ ಒಂದೇ ತೆರನಾಗಿಲ್ಲ. ಅವನ್ನು ಗೋಡೆಗೆ ತೂಗುಹಾಕಿ, ಹಾರಿಸಬೇಡಿ ಎಂದು ಬಲ್ಲವರು ಎಚ್ಚರಿಸುತ್ತಾರೆ.

ರೆಮಿಂಗ್ಟನ್ ರೋಲಿಂಗ್ ಬ್ಲಾಕನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಯಂತ್ರಭಾಗ ಜಾಣತನದ ಸರಳತೆ. ಕುದುರೆಯನ್ನು ಹಿಂದೆಳೆದು, ನಳಿಗೆಯ ಬುಡ ಮುಚ್ಚುವ ಉಕ್ಕಿನ ತುಂಡನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಉರುಳಿಸಿದರೆ ಬುಡ ತೆರೆದುಕೊಳ್ಳುತ್ತದೆ. ತೋಟಾ ಇಟ್ಟು ತುಂಡನ್ನು ಮುಂದಕ್ಕೆ ಉರುಳಿಸಬೇಕು. ಟ್ರಿಗರ್ ಎಳೆದಾಗ ಮುಂದೆ ಬೀಳುವ ಕುದುರೆಯ ಕೆಳಭಾಗ ಆ ತುಂಡಿನಡಿ ಸೇರಿ ಬೆಣೆಯಾಗಿ ನಿಲ್ಲುತ್ತದೆ. ತೋಟಾ ಹಿಂದಕ್ಕೆ ಒತ್ತಿದಷ್ಟೂ ಬೆಣೆ ಬಿಗಿಯಾಗುತ್ತದೆ. ಇಡೀ ಭಾರ ಹೊರುವುದು ಎರಡು ದಪ್ಪ ಪಿನ್ನುಗಳು. ಆ ಪಿನ್ನುಗಳೂ ಅವುಗಳ ತೂತುಗಳೂ ಸವೆದಿದ್ದರೆ ತೋಟಾದ ಹಿಂಬದಿಗೂ ಉಕ್ಕಿನ ತುಂಡಿಗೂ ನಡುವೆ ಸಂದು ಉಳಿಯುತ್ತದೆ. ಹೊಡೆದ ಕ್ಷಣ ಹಿತ್ತಾಳೆ ಆ ಸಂದಿನುದ್ದಕ್ಕೆ ಹಿಗ್ಗಿ, ಬುಡದ ಹತ್ತಿರ ಸೀಳಬಹುದು. ಸೀಳಿದರೆ ಬಿಸಿ ಅನಿಲ ಹೊಡೆಯುವವನ ಕಣ್ಣಿನ ಕಡೆಗೇ ನುಗ್ಗುತ್ತದೆ. ಹಾಗಾಗಿ ನಿಖರ ಅಳತೆಯ ಗೇಜುಗಳನ್ನಿಟ್ಟು ಈ ಸಂದನ್ನು ಅಳೆದ ಮೇಲೆಯೇ ಮುಂದಿನ ಮಾತು. ಮನೆಯ ಮೇಜಿನ ಮೇಲೆ ಊಹೆಯಲ್ಲಿ ಮುಗಿಸುವ ಕೆಲಸ ಇದಲ್ಲ, ಗನ್‌ಸ್ಮಿತ್ ನೋಡಲೇಬೇಕು.

ಬಿಚ್ಚುವಾಗ ಮೊದಲು ಎದುರಾಗುವ ಶತ್ರು ತಿರುಪು. ಅಂದಿನ ಕಾರ್ಖಾನೆಗಳು ತಮ್ಮತಮ್ಮದೇ ಗಾತ್ರದ ತಿರುಪು ಕೊರೆಯುತ್ತಿದ್ದವು. ಒಂದು ಮುರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಲೇಥ್ ಮೇಲೆ ಹೊಸದಾಗಿ ಕಡೆಯಬೇಕು. ಮಾಮೂಲಿ ಸ್ಕ್ರೂಡ್ರೈವರ್‌ನ ತುದಿ ಬೆಣೆಯಾಕಾರ. ಹಳೆಯ ತಿರುಪಿನ ಕಿರಿದಾದ ಗಾಡಿಯಲ್ಲಿ ಅದು ಮೇಲಂಚಿಗಷ್ಟೇ ತಾಗಿ, ಜಾರಿ, ತಲೆಯನ್ನು ಕಿತ್ತುಹಾಕುತ್ತದೆ. ತಳದವರೆಗೂ ಸಮನಾಗಿ ಕೂರುವಂತೆ ತುದಿಯನ್ನು ಉಜ್ಜಿ ಹೊಂದಿಸಿಕೊಳ್ಳಬೇಕು. ತುಕ್ಕು ಹಿಡಿದ ತಿರುಪಿಗೆ ತೆಳುವಾದ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುವುದು, ಆಮೇಲೆ ಕಾಯಿಸುವುದು, ಆರಿಸುವುದು. ಕಬ್ಬಿಣ ಹಿಗ್ಗಿ ಕುಗ್ಗುವಾಗ ತುಕ್ಕಿನ ಹಿಡಿತ ಬಿರಿಯುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಅವಸರದವರಿಗೆ ಈ ಹವ್ಯಾಸ ಹೇಳಿದ್ದಲ್ಲ.

ಇನ್ನು ತುಕ್ಕು. ಇಡೀ ಕಥೆಯ ಖಳನಾಯಕ ಅದೇ. ವಿಚಿತ್ರವೆಂದರೆ ಕೋವಿಯ ಮೈಬಣ್ಣವೂ ಅದೇ.

ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ಕೆಂಪು ತುಕ್ಕು. ಅದು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಉಬ್ಬಿ, ಬಿರಿದು, ಹೆಕ್ಕಳಿಕೆಯಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಲೋಹ ಬಯಲಿಗೆ ಬಂದು ಮತ್ತೆ ತುಕ್ಕು. ಆದರೆ ಕಬ್ಬಿಣಕ್ಕೆ ಇನ್ನೊಂದು ಆಕ್ಸೈಡ್ ಇದೆ: ಮ್ಯಾಗ್ನಟೈಟ್. ಅದು ಕಪ್ಪು, ಗಟ್ಟಿ, ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಹಳೆಯ ಕೋವಿಗಳ ಕಪ್ಪುನೀಲಿ ಹೊಳಪು ಬಣ್ಣವೂ ಅಲ್ಲ, ಲೇಪವೂ ಅಲ್ಲ. ಆ ಆಕ್ಸೈಡಿನ ತೆಳುಪದರ. ಅದನ್ನು ಪಡೆಯುವ ವಿಧಾನದಲ್ಲಿ ಶತ್ರುವನ್ನೇ ಕೂಲಿಗೆ ಕರೆಯಲಾಗುತ್ತದೆ.

ನಳಿಗೆಯನ್ನು ಎಣ್ಣೆಯ ಪಸೆಯಿಲ್ಲದಂತೆ ತೊಳೆಯಬೇಕು. ಒಂದು ಬೆರಳಚ್ಚು ಉಳಿದರೂ ಅಲ್ಲಿ ಮಚ್ಚೆ ಬೀಳುತ್ತದೆ. ನಳಿಗೆಯ ಎರಡೂ ಬಾಯಿಗೆ ಬಿರಡೆ. ಆಮೇಲೆ ದುರ್ಬಲ ಆಮ್ಲೀಯ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ, ಹಿಂಡಿ, ಒಂದೇ ಎಳೆತದಲ್ಲಿ ಉದ್ದಕ್ಕೂ ಸವರಿ, ತೇವದ ಪೆಟ್ಟಿಗೆಯಲ್ಲಿ ತೂಗುಹಾಕಬೇಕು. ಕೆಲವು ಗಂಟೆಗಳಲ್ಲಿ ನಳಿಗೆಯ ಮೈತುಂಬ ನವಿರಾದ ಕೆಂಪು ತುಕ್ಕು ಏಳುತ್ತದೆ. ಮೊದಲ ಸಲ ನೋಡುವವರ ಎದೆ ಧಸಕ್ಕೆನ್ನುತ್ತದೆ: ಇಷ್ಟು ದಿನ ಬಿಡಿಸಿದ್ದೆಲ್ಲ ಮತ್ತೆ ಬಂತಲ್ಲ! ಆ ನಳಿಗೆಯನ್ನು ಕುದಿಯುವ ಶುದ್ಧನೀರಿನ ಉದ್ದನೆ ತೊಟ್ಟಿಯಲ್ಲಿ ಮುಳುಗಿಸಿದರೆ, ಕೆಲವೇ ನಿಮಿಷಗಳಲ್ಲಿ ಕೆಂಪು ಕಂದಾಗಿ, ಕಂದು ಕಪ್ಪಾಗಿ, ಮಖಮಲ್ಲಿನ ಮಸಿಯಂಥ ಪುಡಿ ಹೊತ್ತುಕೊಂಡು ಹೊರಬರುತ್ತದೆ. ಕುದಿನೀರು ಕೆಂಪು ಆಕ್ಸೈಡನ್ನು ಮ್ಯಾಗ್ನಟೈಟ್ ಆಗಿ ಮಾರ್ಪಡಿಸಿರುತ್ತದೆ. ಸಡಿಲ ಪುಡಿಯನ್ನು ನಯವಾದ ಉಕ್ಕಿನ ನಾರಿನಲ್ಲಿ ಉಜ್ಜಿ ತೆಗೆದರೆ ಅಡಿಯಲ್ಲಿ ಮಸುಕು ಬೂದು. ಮತ್ತೆ ಸವರು, ಮತ್ತೆ ತೇವ, ಮತ್ತೆ ಕುದಿ, ಮತ್ತೆ ಉಜ್ಜು. ಐದಾರು ಸಲವಾದ ಮೇಲೆ ಬೂದು ಹೋಗಿ ಗಾಢ ಕಪ್ಪುನೀಲಿ ನಿಲ್ಲುತ್ತದೆ. ಕೊನೆಗೆ ಉಳಿದ ಆಮ್ಲವನ್ನು ಸೋಡಾನೀರಿನಲ್ಲಿ ತಣಿಸಿ ಎಣ್ಣೆ ಹಚ್ಚಿದರೆ ಮುಗಿಯಿತು.

ಇದನ್ನು ಎಲ್ಲ ಕೋವಿಗೂ ಮಾಡಬೇಕೆ? ಬೇಡ. ಹಿಂದಿನವರು ಯಾರೋ ಆಗಲೇ ಕೆಡಿಸಿಟ್ಟ ಕೋವಿಗೆ, ಮೂಲ ಬಣ್ಣದ ಕುರುಹೇ ಇಲ್ಲದ್ದಕ್ಕೆ ಮಾತ್ರ. ಮೂಲ ಮೈ ಉಳಿದಿದ್ದರೆ ಎಣ್ಣೆ, ತಾಮ್ರದ ತುಂಡು ಮತ್ತು ತಾಳ್ಮೆ ಸಾಕು. ತಾಮ್ರ ಉಕ್ಕಿಗಿಂತ ಮೆತು, ತುಕ್ಕಿನ ಗಂಟನ್ನು ಎಬ್ಬಿಸುತ್ತದೆ, ಲೋಹವನ್ನು ಗೀರುವುದಿಲ್ಲ. ಸಣ್ಣ ಬಿಡಿಭಾಗಗಳಿಗೆ ವಿದ್ಯುತ್ ವಿಧಾನವೂ ಇದೆ. ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರಿನಲ್ಲಿ ಭಾಗವನ್ನು ಋಣ ತುದಿಗೂ ಒಂದು ಕಬ್ಬಿಣದ ತುಂಡನ್ನು ಧನ ತುದಿಗೂ ಸೇರಿಸಿ ಸಣ್ಣ ಕರೆಂಟು ಹರಿಸಿದರೆ ತುಕ್ಕು ಸಡಿಲಗೊಂಡು ಕಳಚಿಕೊಳ್ಳುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ; ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ.

ಕೆಲವು ಕೋವಿಗಳ ಯಂತ್ರಭಾಗದ ಮೇಲೆ ನೀಲಿ, ಕಂದು, ಹುಲ್ಲುಹಳದಿ ಬಣ್ಣಗಳು ಮೋಡದಂತೆ ಹರಡಿರುತ್ತವೆ. ಮೂಳೆಯ ಮತ್ತು ಮರದ ಇದ್ದಿಲಿನ ಜೊತೆ ಪೆಟ್ಟಿಗೆಯಲ್ಲಿಟ್ಟು ಕೆಂಪಗೆ ಕಾಯಿಸಿ, ಗಾಳಿಗುಳ್ಳೆ ಏಳುವ ನೀರಿಗೆ ಒಮ್ಮೆಲೇ ಸುರಿದಾಗ ಬರುವ ಬಣ್ಣ ಅದು. ಇದ್ದಿಲಿನ ಇಂಗಾಲ ಉಕ್ಕಿನ ಹೊರಮೈಗೆ ಇಳಿದು ಅದನ್ನು ಗಡುಸಾಗಿಸುತ್ತದೆ, ಒಳಗಿನ ತಿರುಳು ಮೆತುವಾಗಿಯೇ ಉಳಿಯುತ್ತದೆ. ಅಂದಿನವರಿಗೆ ಬೇಕಿದ್ದದ್ದು ಈ ಗಡಸುತನ; ಬಣ್ಣ ಬಿಟ್ಟಿ ಬಂದದ್ದು. ಇಂದಿನವರಲ್ಲಿ ಹಲವರು ಬಣ್ಣಕ್ಕಾಗಿಯೇ ಇದನ್ನು ಮತ್ತೆ ಮಾಡಿಸುತ್ತಾರೆ. ತಣಿಸುವಾಗ ಲೋಹ ಒಂದು ಕೂದಲೆಳೆ ತಿರುಚಿಕೊಂಡರೂ ಯಂತ್ರ ಕೂರುವುದಿಲ್ಲ. ಬಣ್ಣಕ್ಕೋಸ್ಕರ ಅಂಥ ಅಪಾಯಕ್ಕೆ ಕೈಹಾಕುವುದು ದುಬಾರಿ ಶೋಕಿ.

ಮರದ ಕೆಲಸ ಇದಕ್ಕಿಂತ ಸೌಮ್ಯ. ವಾಲ್‌ನಟ್ ಹಿಡಿಯಲ್ಲಿ ಬಿದ್ದ ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿ ಕುಡಿದ ನಾರುಗಳು ಉಬ್ಬಿ ತಗ್ಗು ಏಳುತ್ತದೆ. ನಾರು ಕಡಿದು ಹೋಗಿದ್ದರೆ ಮಾತ್ರ ಏಳುವುದಿಲ್ಲ. ಯಂತ್ರದ ಹಿಂದಿನ ಮರಕ್ಕೆ ದಶಕಗಟ್ಟಲೆ ಎಣ್ಣೆ ಇಳಿದು ಅದು ಕಪ್ಪಾಗಿ ಮೆತ್ತಗಾಗಿರುತ್ತದೆ. ಸೀಮೆಸುಣ್ಣದ ಪುಡಿಯನ್ನು ದ್ರಾವಕದಲ್ಲಿ ಕಲಸಿ ಹಚ್ಚಿ ಬಿಸಿಲಿಗಿಟ್ಟರೆ ಪುಡಿ ಆ ಎಣ್ಣೆಯನ್ನು ಹೀರಿ ಹೊರತರುತ್ತದೆ. ಕೊನೆಯಲ್ಲಿ ಹಚ್ಚುವ ಅಗಸೆ ಎಣ್ಣೆ ಆರಿ ಒಣಗುವುದಲ್ಲ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಸರಪಳಿ ಕಟ್ಟಿ ಗಟ್ಟಿಯಾಗುತ್ತದೆ. ಆಗ ಶಾಖ ಹೊಮ್ಮುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ವರ್ಕ್‌ಷಾಪುಗಳು ಹೀಗೆ ಸುಟ್ಟುಹೋದದ್ದುಂಟು.

ಇಷ್ಟೆಲ್ಲ ಹೊರಗಿನ ಚೆಂದ. ಗೆಲ್ಲುವುದು ಸೋಲುವುದು ನಳಿಗೆಯ ಒಳಗೆ.

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳಿರುತ್ತವೆ, ಅದೇ ರೈಫ್ಲಿಂಗ್. ಗುಂಡು ಅದರ ಜಾಡಿನಲ್ಲಿ ತಿರುಗುತ್ತ ಹೊರಬಂದು, ಗಾಳಿಯಲ್ಲಿ ಮೂತಿ ಮುಂದಾಗಿಯೇ ಹಾರುತ್ತದೆ. ಎಷ್ಟು ತಿರುಗಿಸಬೇಕು? ಈ ಪ್ರಶ್ನೆಗೆ 1879ರಲ್ಲಿ ವುಲ್‌ವಿಚ್‌ನ ಗಣಿತ ಪ್ರಾಧ್ಯಾಪಕ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಒಂದು ಸರಳ ಸೂತ್ರ ಕೊಟ್ಟರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಬರುವ ಅಂಕಿಯೇ ಒಂದು ಪೂರ್ತಿ ಸುತ್ತಿಗೆ ಬೇಕಾದ ನಳಿಗೆಯ ಉದ್ದ. 0.458 ಇಂಚು ವ್ಯಾಸ, 1.4 ಇಂಚು ಉದ್ದದ ಗುಂಡಿಗೆ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತೆರಡೂವರೆ ಇಂಚು ಬರುತ್ತದೆ. ಅಮೆರಿಕದ ಸೈನ್ಯ 1873ರಲ್ಲಿ ತಂದ ಸ್ಪ್ರಿಂಗ್‌ಫೀಲ್ಡ್ ಕೋವಿಯಲ್ಲಿ 22 ಇಂಚಿಗೆ ಒಂದು ಸುತ್ತು ಇತ್ತು. ದೂರದ ಗುರಿಗೆಂದೇ ಮಾಡಿದವುಗಳಲ್ಲಿ ಸಾಮಾನ್ಯವಾಗಿ 18 ಇಂಚು. ಇನ್ನಷ್ಟು ಉದ್ದನೆಯ ಗುಂಡನ್ನು ತೂಗಾಡದಂತೆ ಹಿಡಿದಿಡಲು. ಸೆಕೆಂಡಿಗೆ 1300 ಅಡಿ ವೇಗದಲ್ಲಿ ಅಂಥ ನಳಿಗೆಯಿಂದ ಹೊರಟ ಗುಂಡು ಸೆಕೆಂಡಿಗೆ 860ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ.

ಹಳೆಯ ನಳಿಗೆ ಕೈಗೆ ಬಂದಾಗ ಅದರ ಸುತ್ತು ಎಷ್ಟು, ವ್ಯಾಸ ಎಷ್ಟು ಎಂಬುದನ್ನು ಮೈಮೇಲಿನ ಅಕ್ಷರ ನೋಡಿ ನಂಬುವಂತಿಲ್ಲ. ಅಂದಿನ ಅಳತೆಗಳು ಸಾವಿರದ ನಾಲ್ಕೈದು ಅಂಶ ಇಂಚು ಆಚೀಚೆ ಇರುತ್ತಿದ್ದವು. ಅದಕ್ಕೆ ಎಣ್ಣೆ ಸವರಿದ ನಳಿಗೆಯೊಳಗೆ ಮೆತುಸೀಸದ ತುಂಡೊಂದನ್ನು ಮೆಲ್ಲಗೆ ತಟ್ಟಿ ತಳ್ಳುತ್ತಾರೆ. ಆಚೆ ಬದಿಯಿಂದ ಹೊರಬಿದ್ದ ತುಂಡಿನ ಮೈಮೇಲೆ ಏಣುಗಳೂ ತಗ್ಗುಗಳೂ ಅಚ್ಚೊತ್ತಿರುತ್ತವೆ. ಮೈಕ್ರೊಮೀಟರ್ ಹಿಡಿದು ಅಳೆಯಬಹುದು. ತಳ್ಳುವಾಗ ಕೈಗೆ ಇನ್ನೊಂದು ಸುದ್ದಿಯೂ ಸಿಗುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ತಟ್ಟನೆ ಸಡಿಲ ಅನ್ನಿಸಿದರೆ ಅಲ್ಲಿ ನಳಿಗೆ ಎಂದೋ ಉಬ್ಬಿದೆ ಎಂದರ್ಥ. ತೋಟಾ ಕೂರುವ ಜಾಗದ ಅಚ್ಚು ತೆಗೆಯಲು ಸೆರೊಸೇಫ್ ಎಂಬ ಮಿಶ್ರಲೋಹವಿದೆ. ಬಿಸ್ಮತ್ ಮುಖ್ಯವಾಗಿರುವ ಇದು 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಕುದಿನೀರೂ ಬೇಕಿಲ್ಲ. ಸುರಿದ ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ಆದ್ದರಿಂದ ಸಲೀಸಾಗಿ ಹೊರಬರುತ್ತದೆ. ಆಮೇಲೆ ಹಿಗ್ಗತೊಡಗಿ ಸುಮಾರು ಒಂದು ಗಂಟೆಯ ಹೊತ್ತಿಗೆ ಮೂಲ ಅಳತೆಗೆ ಸರಿಹೊಂದುತ್ತದೆ. ಅಳೆಯಬೇಕಾದದ್ದು ಆಗಲೇ. ಮರೆತು ವಾರ ಬಿಟ್ಟು ಅಳೆದರೆ ಅಂಕಿ ಸುಳ್ಳು ಹೇಳುತ್ತದೆ.

ಈ ಅಳತೆಗಳು ಕೈಗೆ ಬಂದ ಮೇಲೆ ನಡೆಯುವುದು ತಲೆಕೆಳಗಾದ ಕೆಲಸ. ಹೊಸ ರೈಫಲ್ಲಿಗೆ ಅಂಗಡಿಯ ತೋಟಾ ಕೊಂಡರಾಯಿತು. ಇಲ್ಲಿ ಕೋವಿ ಹೇಳಿದಂತೆ ತೋಟಾ ಹುಟ್ಟಬೇಕು. ಗುಂಡಿನ ವ್ಯಾಸ, ಸೀಸಕ್ಕೆ ಬೆರೆಸುವ ತವರದ ಪ್ರಮಾಣ, ಹಿತ್ತಾಳೆಯ ಉದ್ದ ಎಲ್ಲವನ್ನೂ ಆ ಒಂದು ನಳಿಗೆಯನ್ನು ಕೇಳಿಯೇ ತೀರ್ಮಾನಿಸಬೇಕು. ಇಂಥ ಕೋವಿಗಳಿಗೆ ಹೊಂದುವ .45-70 ಎಂಬ ಅಳತೆಯ ಅಂಗಡಿ ತೋಟಾಗಳಲ್ಲಿ ಆಧುನಿಕ ಬಲಿಷ್ಠ ರೈಫಲ್ಲುಗಳಿಗೆಂದು ಮಾಡಿದ ಉಗ್ರ ತೋಟಾಗಳೂ ಇವೆ. ಅವು ಹಳೆಯ ಕೋವಿಯೊಳಗೆ ಸರಿಯಾಗಿ ಕೂರುತ್ತವೆ. ಅಪಾಯ ಇರುವುದೇ ಅಲ್ಲಿ. ಕರಿಮದ್ದಿನ ಕಾಲದ ಉಕ್ಕು ಮೆತು. ಇಂದಿನ ಮಿಶ್ರ ಉಕ್ಕು ತಡೆಯುವ ಒತ್ತಡವನ್ನು ಅದು ತಡೆಯಲಾರದು. ಈ ತೋಟಾಕ್ಕೆ ಅಮೆರಿಕದ ಉದ್ಯಮ ಒಪ್ಪಿದ ಒತ್ತಡದ ಮಿತಿ ಚದರ ಇಂಚಿಗೆ 28,000 ಪೌಂಡ್. ಇಂದು ಬಳಕೆಯಲ್ಲಿರುವ .308 ತೋಟಾದ್ದು 62,000.

ನಳಿಗೆಯೊಳಗೆ ತುಕ್ಕು ತಿಂದ ಕುಳಿಗಳಿದ್ದರೆ ಎಲ್ಲವೂ ಮುಗಿದಂತಲ್ಲ. ಇದು ಹೊಸಬರಿಗೆ ಅಚ್ಚರಿ ತರುವ ಸಂಗತಿ. ಅಲ್ಪಸ್ವಲ್ಪ ಕುಳಿಬಿದ್ದ ನಳಿಗೆಗಳು ಮೆತುಸೀಸದ ಗುಂಡನ್ನು ಚೆನ್ನಾಗಿಯೇ ಹಾರಿಸುತ್ತವೆ. ಹೆಚ್ಚು ಮುಖ್ಯವಾದದ್ದು ನಳಿಗೆಯ ಬಾಯಂಚು, ಗುಂಡನ್ನು ಕೊನೆಯದಾಗಿ ಮುಟ್ಟುವ ಜಾಗ. ಹಿಂದಿನವರು ಬಾಯಿಯಿಂದ ಕಡ್ಡಿ ತೂರಿಸಿ ತೂರಿಸಿ ಒರೆಸಿ ಒಂದು ಪಕ್ಕ ಸವೆಸಿರುತ್ತಾರೆ. ಅಲ್ಲಿಂದ ಅನಿಲ ಒಂದು ಪಕ್ಕಕ್ಕೆ ಮೊದಲು ನುಗ್ಗಿ ಗುಂಡಿನ ಬಾಲ ತಳ್ಳುತ್ತದೆ, ಗುಂಡು ಓಲಾಡುತ್ತ ಹೊರಡುತ್ತದೆ. ಬಾಯಂಚನ್ನು ಒಂದಿಷ್ಟೇ ಕತ್ತರಿಸಿ ನೆಟ್ಟಗೆ ಮಾಡಿದ್ದರಿಂದಲೇ ‘ಸತ್ತ’ ಕೋವಿ ಬದುಕಿದ್ದುಂಟು. ತೀರಾ ಹಾಳಾಗಿದ್ದರೆ ಹಳೆಯ ನಳಿಗೆಯನ್ನು ಉದ್ದಕ್ಕೂ ಕೊರೆದು ಒಳಗೆ ಹೊಸ ರೈಫ್ಲಿಂಗ್ ಇರುವ ತೆಳು ಕೊಳವೆ ಕೂರಿಸುತ್ತಾರೆ. ಹೊರಗಿನಿಂದ ಗುರುತೇ ಸಿಗುವುದಿಲ್ಲ. ಶುದ್ಧವಾದಿಗಳು ಮೂಗು ಮುರಿಯುತ್ತಾರೆ; ಆದರೆ ಕುಲುಮೆಗೆ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ನಳಿಗೆಯ ಮಾತು ಬಂದರೆ ಹ್ಯಾರಿ ಪೋಪ್ ಹೆಸರು ಬಿಡುವಂತಿಲ್ಲ. 1861ರಲ್ಲಿ ಹುಟ್ಟಿದ ಈ ಅಮೆರಿಕನ್ ಕುಶಲಕರ್ಮಿಯ ನಳಿಗೆ ಸಿಕ್ಕಿತೆಂದರೆ ಈಗಲೂ ಸಂಗ್ರಾಹಕರು ಮುಗಿಬೀಳುತ್ತಾರೆ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನು ಅಂಗಡಿ ಹಾಕಿದ ಹೊಸತರಲ್ಲೇ ಏಪ್ರಿಲ್ 18ರ ಭೂಕಂಪ ಅದನ್ನೆಲ್ಲ ನುಂಗಿಹಾಕಿತು; ಮರಳಿ ಪೂರ್ವಕ್ಕೆ ಬಂದು ಜರ್ಸಿ ಸಿಟಿಯಲ್ಲಿ ಮತ್ತೆ ಶುರುಮಾಡಿದ. ಪೋಪ್ ಪದ್ಧತಿಯಲ್ಲಿ ಮದ್ದು ತುಂಬಿದ ಹಿತ್ತಾಳೆ ಬುಡದಿಂದ ಹೋಗುತ್ತದೆ, ಗುಂಡು ಮಾತ್ರ ಬಾಯಿಯಿಂದ. ನಳಿಗೆ ಮಾಡುವಾಗಲೇ ಅದರ ತುದಿಯ ಒಂದು ತುಂಡು ಕತ್ತರಿಸಿ ‘ಸುಳ್ಳುಬಾಯಿ’ಯಾಗಿ ಇಟ್ಟುಕೊಳ್ಳುತ್ತಾರೆ. ಗೀರುಗಳು ಎರಡರಲ್ಲೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅದನ್ನು ಸಿಕ್ಕಿಸಿ ಗುಂಡನ್ನು ಒಳಗೆ ಒತ್ತಿದರೆ ಗುಂಡಿನ ಹಿಂಬದಿಯ ಅಂಚು ಒಂದಿಷ್ಟೂ ನಜ್ಜಾಗುವುದಿಲ್ಲ, ಅಸಲಿ ಬಾಯಿಯೂ ಸವೆಯುವುದಿಲ್ಲ. 1901ರ ಮೇ 16ರಂದು ಕೊಲರಾಡೊದ ಸಿ. ಡಬ್ಲ್ಯೂ. ರೋಲ್ಯಾಂಡ್ ಪೋಪ್ ನಳಿಗೆಯಿಂದ 200 ಗಜ ದೂರಕ್ಕೆ ಹೊಡೆದ ಹತ್ತು ಗುಂಡುಗಳು 0.725 ಇಂಚು ಅಂತರದೊಳಗೆ ಬಿದ್ದವು. ಒಂದು ರೂಪಾಯಿ ನಾಣ್ಯದಷ್ಟೂ ಅಗಲವಿಲ್ಲದ ಜಾಗ. ದಶಕಗಳ ಕಾಲ ಯಾರೂ ಅದನ್ನು ಮುರಿಯಲಾಗಲಿಲ್ಲ.

ಇನ್ನು ಮದ್ದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ. ಪೊಟ್ಯಾಸಿಯಂ ಲವಣಗಳ ಘನರೂಪದಲ್ಲಿ ಒಂದಿಷ್ಟು ಬಿಳಿಹೊಗೆಯಾಗಿ ಹಾರಿ, ಉಳಿದದ್ದು ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ಒಣಹವೆಯಲ್ಲಿ ಆ ಮಡ್ಡಿ ಬೇಗ ಗಟ್ಟಿಯಾಗಿ, ನಾಲ್ಕೈದು ಗುಂಡು ಹೊಡೆಯುವಷ್ಟರಲ್ಲಿ ಗುರಿ ಚೆಲ್ಲಾಪಿಲ್ಲಿಯಾಗುತ್ತದೆ. ಇದಕ್ಕೆ ಸ್ಪರ್ಧಿಗಳು ಕಂಡುಕೊಂಡ ಉಪಾಯ ಬಲು ಸರಳ: ಊದುಗೊಳವೆ. ಪ್ರತಿ ಗುಂಡಿನ ನಂತರ, ಬುಡ ತೆರೆದು ಖಾಲಿ ಹಿತ್ತಾಳೆ ಹೊರತೆಗೆದ ಮೇಲೆ, ತೋಟಾ ಆಕಾರದ ತುದಿಯುಳ್ಳ ರಬ್ಬರ್ ಕೊಳವೆಯನ್ನು ಅಲ್ಲಿಗೆ ಸಿಕ್ಕಿಸಿ ನಾಲ್ಕಾರು ಬಾರಿ ನಿಧಾನವಾಗಿ ಉಸಿರು ಬಿಡುತ್ತಾರೆ. ಉಸಿರಿನ ತೇವ ಮಡ್ಡಿಯನ್ನು ಮೆದುಮಾಡುತ್ತದೆ. ನ್ಯೂ ಮೆಕ್ಸಿಕೊದ ಒಣಗಾಳಿಯಲ್ಲಿ ಹೆಚ್ಚು ಉಸಿರು, ಮಳೆಯ ದಿನ ಕಡಿಮೆ. ಗುಂಡಿನ ಸುತ್ತಲಿನ ಗಾಡಿಗಳಲ್ಲಿ ತುಂಬಿದ ಜೇನುಮೇಣ ಮತ್ತು ಕೊಬ್ಬಿನ ಲೇಪವೂ ಇದೇ ಕೆಲಸಕ್ಕೆ. ಸಂಜೆ ನಳಿಗೆಯನ್ನು ನೀರಿನಲ್ಲೇ ತೊಳೆಯಬೇಕು. ಲವಣ ಕರಗುವುದು ನೀರಿಗೆ, ಎಣ್ಣೆಗಲ್ಲ. ತೊಳೆಯದೆ ಬಿಟ್ಟರೆ ಅದೇ ಲವಣ ಗಾಳಿಯ ತೇವ ಹೀರಿ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕೆಬ್ಬಿಸುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಕೋವಿಗಳಿಗೆ ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಮದ್ದಿಗೆ ಕಿಡಿ ಹೊತ್ತಿಸುವ ಅಂದಿನ ಕೇಪು. ಅದರೊಳಗಿನ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಕ್ಲೋರೈಡಾಗುತ್ತಿತ್ತು. ಅಡುಗೆ ಉಪ್ಪಿನ ಹತ್ತಿರದ ನೆಂಟ. ಹೊಗೆಯಿಲ್ಲದ ಮದ್ದು ಬಂದಾಗ ‘ಮಡ್ಡಿಯೇ ಇಲ್ಲವಲ್ಲ’ ಎಂದು ಜನ ತೊಳೆಯುವುದನ್ನು ಬಿಟ್ಟರು, ಉಪ್ಪು ನಳಿಗೆಗಳನ್ನು ತಿಂದುಹಾಕಿತು.

ಮೆತುಸೀಸದ ಗುಂಡಿಗೊಂದು ಗುಣವಿದೆ. ಕರಿಮದ್ದು ತಟ್ಟನೆ ಹೊತ್ತಿ ಹಿಂದಿನಿಂದ ಗುದ್ದಿದಾಗ ಅದು ಗಿಡ್ಡಗಾಗಿ ಅಡ್ಡಕ್ಕೆ ಹಿಗ್ಗುತ್ತದೆ, ಗೀರುಗಳ ತಳದವರೆಗೂ ತುಂಬಿಕೊಳ್ಳುತ್ತದೆ. ಅದಕ್ಕೇ 20 ಪಾಲು ಸೀಸಕ್ಕೆ 1 ಪಾಲು ತವರ, ಇಲ್ಲವೇ 30ಕ್ಕೆ 1 ಎಂಬ ಹದ. ಗಡಸು ಹೆಚ್ಚಾದರೆ ಹಿಗ್ಗುವುದಿಲ್ಲ, ಮೆತು ಹೆಚ್ಚಾದರೆ ಮೂತಿ ಸೊಟ್ಟಗಾಗುತ್ತದೆ. ಎರಕ ಹೊಯ್ದ ಗುಂಡುಗಳನ್ನು ಒಂದೊಂದಾಗಿ ತೂಗಿ, ಒಳಗೆ ಗಾಳಿಗುಳ್ಳೆ ಉಳಿದ ಹಗುರದವನ್ನು ಮರಳಿ ಕುಲುಮೆಗೆ ಹಾಕುತ್ತಾರೆ.

ಬೋಡೈನ್ ಹೊಡೆದ 1000 ಗಜದ ಲೆಕ್ಕ ನೋಡಿದರೆ ಇಷ್ಟೆಲ್ಲ ಕಟ್ಟುನಿಟ್ಟು ಯಾಕೆಂದು ತಿಳಿಯುತ್ತದೆ. ಇಂಥ ಗುಂಡು ಶಬ್ದಕ್ಕಿಂತ ತುಸು ಹೆಚ್ಚು ವೇಗದಲ್ಲಿ ಹೊರಟು, ಅರ್ಧ ದಾರಿಗೂ ಮುಂಚೆಯೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ದೂರ ಕ್ರಮಿಸಲು ಸುಮಾರು 3 ಸೆಕೆಂಡು ಬೇಕು. 3 ಸೆಕೆಂಡಿನಲ್ಲಿ ಯಾವುದೇ ವಸ್ತು ಭೂಮಿಯ ಕಡೆಗೆ ಬೀಳುವ ದೂರ ಸುಮಾರು 140 ಅಡಿ. ಅಂದರೆ ನಳಿಗೆಯನ್ನು ಗುರಿಗಿಂತ ಹದಿನಾಲ್ಕು ಅಂತಸ್ತಿನ ಕಟ್ಟಡದಷ್ಟು ಮೇಲಕ್ಕೆ ಎತ್ತಿ ಹಿಡಿದಿರಬೇಕು! ಆ ಎತ್ತರ ಕೊಡುವುದು ಹಿಡಿಯ ಮೇಲೆ ಏಣಿಯಂತೆ ನಿಂತಿರುವ ಹಿಂಬದಿಯ ನಿಶಾನೆ, ಅದಕ್ಕೆ ಅಳತೆ ಕೊಡುವುದು ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಪಟ್ಟಿ, ಹೈಸ್ಕೂಲು ಲ್ಯಾಬಿನ ಅದೇ ವರ್ನಿಯರ್. ಹಿಂದುಮುಂದಿನ ನಿಶಾನೆಗಳ ನಡುವೆ ಮೂರಡಿ ಅಂತರವಿದ್ದರೆ, ಹಿಂದಿನದನ್ನು ನೂರನೇ ಒಂದು ಇಂಚು ಏರಿಸಿದಾಗ ಗುಂಡು 1000 ಗಜದಲ್ಲಿ ಸುಮಾರು ಹತ್ತು ಇಂಚು ಮೇಲೆ ಬೀಳುತ್ತದೆ. ಸವೆದು ಅಲ್ಲಾಡುವ ಹಳೆಯ ನಿಶಾನೆಯನ್ನು ಬಿಗಿಮಾಡುವುದು ಬಣ್ಣ ಹಾಕುವುದಕ್ಕಿಂತ ನೂರುಪಾಲು ಮುಖ್ಯ ಎಂಬುದಕ್ಕೆ ಈ ಒಂದು ಅಂಕಿ ಸಾಕು.

ರಟೋನ್‌ನ ಸ್ಪರ್ಧೆಯಲ್ಲಿ ಗುರಿಗಳು ಉಕ್ಕಿನ ಪ್ರಾಣಿಗಳು: 200 ಮೀಟರಿಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿ, 500ಕ್ಕೆ ಟಗರು. ಕೋಳಿಗೆ ನಿಂತೇ ಹೊಡೆಯಬೇಕು. ಮಿಕ್ಕವಕ್ಕೆ ಕತ್ತರಿಯಂತೆ ಕಟ್ಟಿದ ಎರಡು ಕೋಲುಗಳ ಆಸರೆ ಉಂಟು. ತಾಗಿದರೆ ಸಾಲದು, ಬೀಳಬೇಕು. ಟಗರಿಗೆ ಹೊಡೆದವನು ಹೊಗೆ ಚದುರುವುದನ್ನೇ ಕಾಯುತ್ತಾನೆ. ಗುಂಡು ಹೋಗಲು ಒಂದೂವರೆ ಸೆಕೆಂಡು, ‘ಠಣ್’ ಎಂಬ ಸದ್ದು ಮರಳಲು ಇನ್ನೊಂದೂವರೆ. ಕ್ರೀಡ್‌ಮೂರ್ ಬಯಲಿನಲ್ಲಿ ಈಗ ಗುಂಡಿನ ಸದ್ದಿಲ್ಲ, 1912ರಿಂದ ಅಲ್ಲಿ ಮನೋರೋಗಿಗಳ ಆಸ್ಪತ್ರೆಯಿದೆ. ಹೆಸರು ಮಾತ್ರ 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಎಂಬ ತೋಟಾದಲ್ಲಿ ಉಳಿದಿದೆ.

ನಮ್ಮಲ್ಲೂ ಹಳೆಯ ಕೋವಿಗಳಿಗೆ ಬರವಿಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ಊರೂರಲ್ಲಿ ನಡೆಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೇಪಿನ ಕೋವಿ, ಒಂಟಿನಳಿಗೆ ತೋಟಾಕೋವಿಗಳು ಈಗಲೂ ಇವೆ. ಆದರೆ ಹಳೆಯದೆಂಬ ಕಾರಣಕ್ಕೆ ಕೋವಿ ಕಾನೂನಿನಿಂದ ಹೊರಗುಳಿಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ರಿಪೇರಿ ಮಾಡಿದರೂ ಹಾರಿಸಲಾಗದಂಥ ಹಳೆಯ ಅಸ್ತ್ರಕ್ಕಷ್ಟೇ ವಿನಾಯಿತಿ. ಮತ್ತೆ ಹಾರುವಂತೆ ಮಾಡಬಹುದಾದ ಕೋವಿ ಕೋವಿಯೇ. ಕೋವಿ ರಿಪೇರಿಯನ್ನು ಕಸುಬಾಗಿ ಮಾಡುವವರಿಗೂ ಪ್ರತ್ಯೇಕ ಲೈಸೆನ್ಸ್ ಬೇಕು.

ಅಜ್ಜನ ಕಾಲದ ಕೋವಿಯೊಂದು ನಿಮ್ಮ ಮನೆಯಲ್ಲೂ ಇದ್ದರೆ, ‘ಒಂದು ಈಡು ಹೊಡೆದು ನೋಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಳಗೆ ಹಳೆಯ ಈಡು ಹಾಗೇ ಉಳಿದಿರಬಹುದು. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹೊತ್ತುತ್ತದೆ. ಮರಳುಕಾಗದವನ್ನೂ ಮುಟ್ಟಿಸಬೇಡಿ. ಕಾಗದಪತ್ರಗಳನ್ನು ಸರಿಮಾಡಿಸಿಕೊಂಡು, ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಒಯ್ದು, ಮೊದಲು ನಳಿಗೆ ಖಾಲಿಯಿದೆಯೇ ಎಂದು ನೋಡಲು ಹೇಳಿ.